ಕೀಲು ಕೂತ ಸದ್ದು

ತೆಂಗಿನಗುಂಡಿ
ತಾ. ೨೦-೧೧-೧೯೭೭

ಪಾಂಡು,

ದೀಪಾವಳಿಗೆ ನೀನು ಬರುವುದಿಲ್ಲ ಎಂದು ಗೊತ್ತಿದ್ದರೂ ನಿನ್ನ ಎಲೆ ಹಾಕಿ ಬಡಿಸಿದೆ. ಆಮೇಲೆ ಅದನ್ನು ನಾನೇ ಉಂಡೆ. ಅನ್ನ ಚೆಲ್ಲುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ರತ್ನಾಗಿರಿಯ ಬೋಟಿನಲ್ಲಿ ಹಬ್ಬದ ದಿನವೂ ಕೆಲಸವಿತ್ತು ಎಂದು ನೀನು ಬರೆದಿದ್ದೆ. ಇರಲಿ. ಕೆಲಸವಿರುವವನಿಗೆ ಹಬ್ಬ ತಾನಾಗಿ ಇನ್ನೊಂದು ವರ್ಷ ಬರುತ್ತದೆ. ಇಲ್ಲಿ ನಮ್ಮ ದೋಣಿಯನ್ನು ನಿನ್ನ ಚಿಕ್ಕಪ್ಪ ವೆಂಕಟ ನಡೆಸುತ್ತಿದ್ದಾನೆ. ಬಂಗಡೆ ಸಾಧಾರಣ.

ನಾಗಿಯ ವಿಷಯ ಬರೆಯಬೇಕು. ನಿನ್ನ ಹೆಂಡತಿ ಕೆಲಸಕ್ಕೆ ಹಿಂಜರಿಯುವವಳಲ್ಲ, ಅದನ್ನು ನಾನು ಯಾರ ಎದುರಿಗೂ ಹೇಳುತ್ತೇನೆ. ಆದರೆ ಅವಳು ಮುಟ್ಟಳ್ಳಿಯ ಗದ್ದೆಯಲ್ಲಿ ಬೆಳೆದವಳು, ತಲೆಯ ಮೇಲೆ ಮೀನು ಹೊತ್ತು ಪೇಟೆಗೆ ಓಡಿದವಳಲ್ಲ. ಮೀನಿನವಳ ನಡಿಗೆಯನ್ನು ನಾನೇ ಕಲಿಸಿದೆ. ತಲೆ ಅಲುಗಬಾರದು, ಕುತ್ತಿಗೆ ಅಲುಗಬಾರದು, ಮರಳಿನ ಏರುತಗ್ಗನ್ನೆಲ್ಲ ಸೊಂಟವೇ ನುಂಗಿಕೊಳ್ಳಬೇಕು. ತಿಂಗಳೊಳಗೆ ಕಲಿತಳು. ಈಗ ಒಂದು ತೊಂದರೆ ಶುರುವಾಗಿದೆ. ಕುಕ್ಕರಗಾಲಿನಲ್ಲಿ ಕೂತು ಬುಟ್ಟಿ ಹೊತ್ತು ಏಳುವಾಗ ಬಲ ಸೊಂಟದಲ್ಲಿ ಕಟಕ್ ಎಂದು ಸದ್ದು ಬರುತ್ತದೆ. ಒಣ ಕಡ್ಡಿ ಮುರಿದಂತೆ. ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ನೆರೆಮನೆಯ ಸಣ್ಣಿ ಮೊನ್ನೆ ದಂಡೆಯಲ್ಲಿ ಎಲ್ಲರ ಎದುರು, "ಮಾಸ್ತಮ್ಮಕ್ಕ, ನಿಮ್ಮ ಸೊಸೆ ಗೆಜ್ಜೆ ಕಾಲಿಗೆ ಕಟ್ಟೂದ್ ಬಿಟ್ಟು ಸೊಂಟದ ಒಳಗೆ ಕಟ್ಕಂಡಿದ್ಲಾ ಎಂತ?" ಎಂದಳು.

"ನಿನ್ನ ಬಾಯೊಳಗೆ ಕಟ್ಟಿದ್ದಕ್ಕಿಂತ ಅಡ್ಡಿಲ್ಲ" ಎಂದೆ. ಹೆಂಗಸರು ನಕ್ಕರು. ನಾಗಿ ನಗಲಿಲ್ಲ.

ನನಗೆ ಹಳೆಯ ಕೆಮ್ಮು ಬಿಟ್ಟರೆ ಬೇರೇನೂ ಇಲ್ಲ. ಅದೂ ಕೂತಲ್ಲಿಂದ ಏಳುವಾಗ ಮಾತ್ರ.

ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ನಾಗಿಗೆ ಕಾಗದ ಬರೆಯಲು ಬಾರದು. ಆದ್ದರಿಂದ ಅವಳು ಹೇಳಿದ್ದನ್ನು ನಾನು ಬರೆಯುತ್ತೇನೆ: "ನಾನು ಇಲ್ಲಿ ಸರಿ ಇದ್ದೇನೆ. ನೀವು ಬೋಟಿನ ಅಂಚಿನಲ್ಲಿ ಮಲಗಬೇಡಿ." ಇನ್ನೂ ಒಂದು ಮಾತು ಹೇಳಿದಳು. ಅದು ದೂರದಲ್ಲಿರುವ ಗಂಡಸಿಗೆ ಬರೆಯುವಂಥದ್ದಲ್ಲ. ಬರೆದಿಲ್ಲ. ಬರೆಯದೆ ಬಿಟ್ಟೆ ಎಂಬುದನ್ನು ಮುಚ್ಚಿಡುವವಳೂ ನಾನಲ್ಲ.

ನಿನ್ನ ತಾಯಿ
ಮಾಸ್ತಮ್ಮ

*

ತೆಂಗಿನಗುಂಡಿ
ತಾ. ೮-೧-೧೯೭೮

ಪಾಂಡು,

ನೀನು ಕಳಿಸಿದ ಕಂಬಳಿ ಮುಟ್ಟಿತು. ಇಲ್ಲಿ ಅಷ್ಟು ಚಳಿಯಿಲ್ಲ. ನಾಗಿಗೆ ಕೊಟ್ಟೆ.

ಅವಳ ಸೊಂಟಕ್ಕೆ ಲಕ್ಕಿಸೊಪ್ಪಿನ ಶಾಖ ಕೊಟ್ಟದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಸದ್ದು ಹೋಗಲಿಲ್ಲ. ಈಗ ಬುಟ್ಟಿ ಇಲ್ಲದೆ ಮೆಟ್ಟಿಲು ಹತ್ತುವಾಗಲೂ ಬರುತ್ತದೆ. ಕೊನೆಗೆ ಮಾಬ್ಲನನ್ನು ಕರೆಸಿದೆ. ನಿನಗೆ ಹದಿನಾರಾಗಿದ್ದಾಗ ರಂಪಣಿ ಬಲೆ ಎಳೆಯುತ್ತ ಬಲ ತೋಳು ಕಳಚಿ ಬಂದದ್ದು ನೆನಪಿದೆಯೇ? ನೀನು ಮರಳಿನಲ್ಲಿ ಬಿದ್ದು ಹೊರಳುತ್ತಿದ್ದೆ. ಇದೇ ಮಾಬ್ಲ ನಿನ್ನ ಕಂಕುಳಿಗೆ ಹಿಮ್ಮಡಿ ಕೊಟ್ಟು ತೋಳು ಎಳೆದ. ಕಟಕ್ ಎಂದಿತು. "ಕೂತಿತು" ಎಂದು ಕೈ ಒರೆಸಿಕೊಂಡು ಎದ್ದ. ಮರುವಾರ ನೀನು ಹುಟ್ಟು ಹಾಕಿದೆ. ಈ ದಂಡೆಯಲ್ಲಿ ಆ ಸದ್ದಿನಿಂದ ಅನ್ನ ತಿನ್ನುತ್ತಿರುವ ತೋಳುಗಳು ಒಂದೆರಡಲ್ಲ. ಆ ಸದ್ದಿಗೆ ನಾವು ಹೆದರುವವರಲ್ಲ, ಕಾಯುವವರು.

ಮಾಬ್ಲ ನಾಗಿಯನ್ನು ನಡೆಸಿ ನೋಡಿದ, ಕೂರಿಸಿ ನೋಡಿದ. ಸೀರೆಯ ಮೇಲಿನಿಂದಲೇ ಕೈಯಿಟ್ಟು ಸದ್ದು ಕೇಳಿದ.

"ಸೊಂಟದ ಗುಂಡು ಜಾರ್ತದೆ ಅಕ್ಕ" ಎಂದ. "ತೋಳಾದ್ರೆ ಒಂದು ಸಲ ಕೂರಿಸಿದ್ರೆ ಆತು. ಸೊಂಟ ಹಂಗಲ್ಲ, ಮೈಭಾರ ಎಲ್ಲ ಅದ್ರ ಮೇಲೇ. ದಿನಾ ಬೆಳಿಗ್ಗೆ ಕೂರಿಸೂಕೆ ಬೇಕು. ಸದ್ದು ಬಂದ್ರೆ ಕೂತಿತು ಅಂತ ಲೆಕ್ಕ. ಬರ್ದೇ ಇದ್ರೆ ಬಿಡೂಕಾಗ."

"ಕೂತ್ರೆ ಮತ್ತೆ ಯಾಕೆ ನೋಯ್ತದೆ?" ಎಂದು ನಾಗಿ ಕೇಳಿದಳು.

"ಹೊಸ ಚಪ್ಲಿ ಕಚ್ಚೂದಿಲ್ವ ತಂಗಿ? ಹಂಗೆ" ಎಂದ.

ಈಗ ಬೆಳಿಗ್ಗೆ ಮುಖ ತೊಳೆದ ಕೂಡಲೇ ಅವಳನ್ನು ಜಗಲಿಯ ಕಂಬ ಹಿಡಿದು ನಿಲ್ಲಿಸುತ್ತೇನೆ. ಬಲಗಾಲನ್ನು ಎಡಗಾಲಿಗೆ ಅಡ್ಡ ತಂದು ಮಂಡಿ ಮಡಚಿ ಎತ್ತಬೇಕು. ಮೊದಲ ಸಲಕ್ಕೇ ಬರುವುದಿಲ್ಲ. ಬರುವವರೆಗೆ ನಾನು ಎದುರಿಗೇ ನಿಂತಿರುತ್ತೇನೆ. ಬಂದ ಮೇಲೆ ಗಂಜಿ ಬಡಿಸುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ನೀನು ಮಳೆಗಾಲಕ್ಕೆ ಮನೆಗೆ ಬರುವಷ್ಟರಲ್ಲಿ ನಿನ್ನ ಹೆಂಡತಿ ನೆಟ್ಟಗೆ ನಡೆಯಬೇಕು. ಮಳೆ ಕಳೆದು ದೋಣಿ ಇಳಿಯುವಾಗ ಹೊಸ ವರ್ಷದ ಮೊದಲ ಬುಟ್ಟಿ ಹೊರುವವಳು ಅವಳು.

ನಾಗಿ ಹೇಳಿದ್ದು: "ಕಂಬಳಿ ಬೆಚ್ಚಗಿದೆ."

ನಿನ್ನ ಕ್ಷೇಮವನ್ನೇ ಕಾಯುವ
ಅಮ್ಮ

*

ರತ್ನಾಗಿರಿ
ತಾ. ೨-೨-೧೯೭೮

ಅಮ್ಮನ ಪಾದಕ್ಕೆ,

ಎರಡೂ ಕಾಗದ ಒಟ್ಟಿಗೇ ಸಿಕ್ಕಿದವು. ನಾವು ಕಡಲಲ್ಲಿದ್ದಾಗ ಬಂದ ಮೊದಲನೆಯದನ್ನು ಮಾಲಕರು ಕೊಡಲು ಮರೆತಿದ್ದರು.

ನನ್ನ ತೋಳು ಕೂತದ್ದು ನೆನಪಿದೆ. ಕೂತ ಮೇಲೆ ನೋವು ಇಳಿದದ್ದೂ ನೆನಪಿದೆ. ನಾಗಿಗೆ ದಿನಾ ಕೂತರೂ ನೋವು ಇಳಿದಿದೆಯೋ ಇಲ್ಲವೋ ಎಂದು ನೀನು ಬರೆಯಲಿಲ್ಲ. ಎರಡು ಕಾಗದದಲ್ಲೂ ಸದ್ದಿನ ಬಗ್ಗೆ ಬರೆದಿದ್ದೀ. ನಾನು ನಿನಗೆ ಎದುರು ಹೇಳುತ್ತಿದ್ದೇನೆ ಎಂದು ತಿಳಿಯಬೇಡ.

ಕುಮಟೆಯಲ್ಲಿ ಎಲುಬಿನ ಡಾಕ್ಟರು ಒಬ್ಬರು ಇದ್ದಾರಂತೆ. ನಮ್ಮ ಬೋಟು ನಡೆಸುವ ತಾಂಡೇಲರು, ಅವರೂ ಆ ಕಡೆಯವರೇ, ಹೇಳಿದರು. ಒಮ್ಮೆ ತೋರಿಸು. ಕುಮಟೆಯಾದರೆ ನಿನ್ನ ತವರೂರು, ನಿನಗೆ ದಾರಿ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ಬುಟ್ಟಿ ಸ್ವಲ್ಪ ಹಗುರ ಮಾಡಿದರೆ ಆಗುತ್ತದೆಯೇ ನೋಡು.

ನಾಗಿಗೆ ಹೇಳು, ನಾನು ಅಂಚಿನಲ್ಲಿ ಮಲಗುವುದಿಲ್ಲ ಎಂದು.

ನಿನ್ನ ಮಗ
ಪಾಂಡು

*

ತೆಂಗಿನಗುಂಡಿ
ತಾ. ೨-೪-೧೯೭೮

ಪಾಂಡು,

ನೀನು ಹೇಳಿದ್ದೀಯ ಎಂದು ಹೋದೆ. ಶಿವರಾತ್ರಿಯ ಮರುವಾರ ಭಟ್ಕಳದಿಂದ ಬೆಳಗಿನ ಬಸ್ಸು ಹಿಡಿದು ಹೊನ್ನಾವರದ ಹೊಳೆ ದಾಟಿ ಕುಮಟೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಬಸ್ಸಿನಲ್ಲಿ ನಾಗಿ ಕೂರಲಾರದೆ ನಿಂತೇ ಬಂದಳು. ನಾನು ಓದಿದ ಹೈಸ್ಕೂಲಿನ ಎದುರಿಗೇ ಹಾದು ಹೋದೆವು. ಕಸ್ಟಮ್ಸ್ ಕಚೇರಿಯ ಜವಾನನ ಮಗಳು ಇಂಗ್ಲಿಷು ಓದುತ್ತಾಳೆ ಎಂದು ಜನ ನೋಡಲು ಬರುತ್ತಿದ್ದ ಕಾಲವದು. ನಾಗಿಗೆ ತೋರಿಸಿದೆ. "ದೊಡ್ಡದಿದ್ದು" ಎಂದಳು, ಅಷ್ಟೇ.

ಡಾಕ್ಟರು ಸಣ್ಣ ಪ್ರಾಯದವನು. ನಾಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಬಲಗಾಲನ್ನು ಹಿಂದೆ ಮುಂದೆ ಆಡಿಸಿದ. ಸದ್ದು ಬಂತು. ಎಲುಬು ತನ್ನ ಜಾಗದಲ್ಲೇ ಇದೆ, ಎಂದೂ ಜಾರಿಲ್ಲ ಎಂದ. ಸೊಂಟದ ಹೊರಗಡೆ ಎಲುಬಿನದೊಂದು ಉಬ್ಬು ಇದೆಯಂತೆ. ಅದರ ಮೇಲೆ ಹಾದುಹೋಗುವ ಗಟ್ಟಿ ಪಟ್ಟಿಯೊಂದು ಬಿಗಿದುಕೊಂಡಿದೆಯಂತೆ. ಕಾಲು ಮಡಚಿದಾಗ ಅದು ಉಬ್ಬನ್ನು ದಾಟಿ ಹಾರುತ್ತದೆಯಂತೆ. ಆ ಸದ್ದು ಅದರದ್ದು. ನಾನು ನಂಬಲಿಲ್ಲ ಎಂದು ನನ್ನ ಕೈ ಹಿಡಿದು ಅವಳ ಸೊಂಟದ ಮೇಲೆ ಇಡಿಸಿದ. ಏನೋ ಒಂದು ಕೈಯಡಿಯಲ್ಲಿ ಹಾರಿದ್ದು ಹೌದು. ಇಲ್ಲ ಎಂದು ಸುಳ್ಳು ಬರೆಯಲಾರೆ.

"ಬೆಳಿಗ್ಗೆ ಬೆಳಿಗ್ಗೆ ಸದ್ದು ಬರಿಸುತ್ತೀರಾ? ಯಾರು ಹೇಳಿದ್ದು? ಅದು ಉಜ್ಜಿ ಉಜ್ಜಿ ಒಳಗೆ ಊದಿಕೊಂಡಿದೆ" ಎಂದು ರೇಗಿದ. ಮೂರು ತಿಂಗಳು ಬುಟ್ಟಿ ಹೊರಬಾರದಂತೆ. ಕುಕ್ಕರಗಾಲಲ್ಲಿ ಕೂರಬಾರದಂತೆ. ಬಲ ಮಗ್ಗುಲಿಗೆ ಮಲಗಬಾರದು, ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಗೋಡೆಗೆ ಕೈಕೊಟ್ಟು ನಿಂತು, ಬಲಗಾಲನ್ನು ಹಿಂದಿನಿಂದ ಅಡ್ಡ ತಂದು ಮೆಲ್ಲಗೆ ವಾಲಬೇಕು, ಸದ್ದು ಬರುವ ಮೊದಲೇ ನಿಲ್ಲಿಸಬೇಕು. ಊಟದ ಮೇಲೆ ಗುಳಿಗೆ. ಇಷ್ಟರಲ್ಲಿ ಬಹಳ ಮಂದಿಗೆ ಗುಣವಾಗುತ್ತದೆ, ಆಗದಿದ್ದರೆ ಇಂಜೆಕ್ಷನ್ ಕೊಡುತ್ತೇನೆ ಎಂದ.

ಹೊರಡುವಾಗ ನನ್ನನ್ನು ಬಾಗಿಲವರೆಗೆ ನೋಡಿ, "ಅಮ್ಮ, ನೀವೂ ಓರೆಯಾಗಿ ನಡೀತೀರಲ್ಲ, ನಿಮಗೂ ಸದ್ದು ಬರ್ತದಾ?" ಎಂದ. ತೋರಿಸಲು ಬಂದವಳು ನಾನಲ್ಲ. ಗುಳಿಗೆಯ ಚೀಟಿ ತೆಗೆದುಕೊಂಡು ಹೊರಬಿದ್ದೆ.

ನಾಗಿಗೆ ನೋವಿದೆಯೇ ಎಂದು ನೀನು ಕೇಳಿದ್ದಿ. ನೋವಿಲ್ಲದ ಹೆಂಗಸು ಈ ದಂಡೆಯಲ್ಲಿ ಯಾರಿದ್ದಾರೆ ಎಂದು ನೀನೇ ಹೇಳು. ಆದರೂ ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಹೋಳಿ ಹುಣ್ಣಿಮೆಯವರೆಗೆ ಅವಳನ್ನು ಕೂರಿಸಿದೆ. ಅವಳ ಬುಟ್ಟಿಯನ್ನೂ ನಾನೇ ಹೊತ್ತೆ. ದಂಡೆಯಲ್ಲಿ ಮಾತು ಶುರುವಾಯಿತು. "ಮಾಸ್ತಮ್ಮಕ್ಕ ಸೊಸೆ ತಂದದ್ದಾ, ರಾಣಿ ತಂದದ್ದಾ?" ಮುಟ್ಟಳ್ಳಿಯವರು ಊನ ಮುಚ್ಚಿ ಕೊಟ್ಟರು ಎಂದೂ ಒಬ್ಬಳು ಅಂದಳಂತೆ. ಅದು ನಿನ್ನ ಮನೆಯ ಮಾನ, ನಾಗಿಯ ತವರಿನ ಮಾನವೂ ಹೌದು. ಮಾಬ್ಲನಿಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. "ಪಟ್ಟಿಯಂತೆ! ಅವ ಎಷ್ಟು ತೋಳು ಕೂರಿಸಿದ್ದಾ ಕೇಳ್ಬೇಕಾಗಿತ್ತು ಅಕ್ಕ" ಎಂದು ನಕ್ಕ.

ಹೋಳಿಯ ಮರುದಿನದಿಂದ ಅವಳು ಮತ್ತೆ ಹೊರುತ್ತಿದ್ದಾಳೆ. ಬೆಳಗಿನ ಕ್ರಮವೂ ನಡೆಯುತ್ತಿದೆ. ಮಳೆಗೆ ಇನ್ನು ಹೆಚ್ಚು ದಿನವಿಲ್ಲ.

ನಾಗಿ ಹೇಳಿದ್ದು: "ಕೂತಿದ್ದ ದಿನಗಳಲ್ಲಿ ಅಡ್ಡಿಯಿರಲಿಲ್ಲ." ಇದನ್ನು ಹೇಳಿದಂತೆಯೇ ಬರೆದಿದ್ದೇನೆ.

ಅಮ್ಮ

*

ತೆಂಗಿನಗುಂಡಿ
ತಾ. ೧೪-೫-೧೯೭೮

ಪಾಂಡು,

ಸದ್ದು ನಿಂತಿದೆ.

ಇದನ್ನು ನಿನಗೆ ಮೊದಲು ತಿಳಿಸಬೇಕೆಂದು ಈ ಕಾಗದ. ಕಳೆದ ತಿಂಗಳ ಕೊನೆಗೆ ಅವಳು ಕೂತಲ್ಲಿಂದ ಏಳಲು ಬಾಗಿಲು ಹಿಡಿಯುವಂತಾಗಿತ್ತು. ಪೇಟೆಯ ದಾರಿಯಲ್ಲಿ ಬಲಗಾಲು ಕೈಕೊಟ್ಟು ಬುಟ್ಟಿ ಬಿತ್ತು. ಬಂಗಡೆಯೆಲ್ಲ ರಸ್ತೆಯ ಮೇಲೆ. ಮಾಬ್ಲ ಬಂದು ನೋಡಿ, ಇನ್ನು ಕೂರಿಸುವುದರಿಂದ ಆಗುವಂಥದ್ದಲ್ಲ, ಜಾರುವ ಜಾಗವನ್ನೇ ಬಿಗಿಸಬೇಕು ಎಂದ. ಕಬ್ಬಿಣ ಕಾಸಿ ಬರೆ ಹಾಕಿದ. ಸೊಂಟದ ಹೊರಬದಿಗೆ, ಆ ಉಬ್ಬಿನ ಮೇಲೆಯೇ. ಸಣ್ಣಿ ಹೆಗಲು ಹಿಡಿದಳು. ಕಾಲು ನಾನೇ ಹಿಡಿದೆ. ಬೇರೆಯವರ ಕೈಗೆ ಕೊಟ್ಟರೆ ಸಡಿಲ ಬಿಡುತ್ತಾರೆ.

ನಾಗಿ ಕೂಗಲಿಲ್ಲ. ಆ ವಿಷಯದಲ್ಲಿ ಅವಳು ನಮ್ಮ ಮನೆಯವಳೇ.

ಗಾಯ ಇನ್ನೂ ಹಸಿಯಾಗಿದೆ, ಸ್ವಲ್ಪ ಕೀವು ಇದೆ. ಅರಿಸಿನ ಹಚ್ಚುತ್ತಿದ್ದೇನೆ. ಮೈ ಬಿಸಿ ಇದ್ದದ್ದು ನಿನ್ನೆಯಿಂದ ಕಡಿಮೆ. ಕಾಲು ಪೂರ್ತಿ ಮಡಚುತ್ತಿಲ್ಲ. ಗಾಯ ಒಣಗಿದ ಮೇಲೆ ಸರಿಹೋಗುತ್ತದೆ ಎಂದು ಮಾಬ್ಲ ಹೇಳಿದ್ದಾನೆ. ಆದರೆ ಒಂದು ಸಲವೂ ಸದ್ದು ಬಂದಿಲ್ಲ. ನಾನು ಗಮನವಿಟ್ಟು ಕೇಳುತ್ತಿದ್ದೇನೆ.

ಗಂಡನಿಗೆ ಏನು ಬರೆಯಲಿ ಎಂದು ನಾಗಿಯನ್ನು ಕೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಕೇಳಿದೆ. ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡಳು. ಅವಳ ಮಾತಿಗೆ ಈ ಕೆಳಗೆ ಜಾಗ ಬಿಟ್ಟಿದ್ದೇನೆ. ನಾನಾಗಿ ಏನನ್ನೂ ತುಂಬಿಸಿಲ್ಲ.

.

.

ಬೇಗ ಬಾ.

ಅಮ್ಮ

*

ಹೊನ್ನಾವರ
ತಾ. ೨೧-೬-೧೯೭೮

ಅಮ್ಮನಿಗೆ,

ನಾಗಿಯ ಅಣ್ಣ ದಾಸನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾವು ಇನ್ನೂ ಆಸ್ಪತ್ರೆಯಲ್ಲಿದ್ದೇವೆ. ನಾನು ಮನೆಗೆ ಬಂದ ದಿನವೇ ಇವಳನ್ನು ಎತ್ತಿಕೊಂಡು ಹೊರಟದ್ದಕ್ಕೆ ನಿನಗೆ ಸಿಟ್ಟು ಬಂದಿದೆ ಎಂದು ಗೊತ್ತು. ಆ ಕೋಣೆಯ ವಾಸನೆ ನಿನಗೆ ಅಭ್ಯಾಸವಾಗಿತ್ತು ಅಮ್ಮ. ನನಗೆ ಆಗಿರಲಿಲ್ಲ.

ಕೀವು ಆಳಕ್ಕೆ ಹೋಗಿತ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದಿದ್ದಾರೆ. ಜೀವಕ್ಕೆ ಇನ್ನು ಭಯವಿಲ್ಲ ಎಂದು ನಿನ್ನೆ ಹೇಳಿದರು. ನಿನ್ನೆಯವರೆಗೆ ಹಾಗೆ ಹೇಳಿರಲಿಲ್ಲ.

ಇನ್ನೊಂದು ವಿಷಯ. ಅಲ್ಲಿಯ ಮಾಂಸವೂ ಚರ್ಮವೂ ಒಟ್ಟಿಗೆ ಎಳೆದುಕೊಂಡು ಗಂಟಾಗಿವೆ. ಕಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಮುಂದೆಯೂ ಮಡಚಲಾರದು. ಕುರ್ಚಿಯ ಮೇಲೆ ಓರೆಯಾಗಿ ಕೂರಬಹುದು, ನೆಲದ ಮೇಲೆ ಇಲ್ಲ. ಹೊರೆ ಅಂತೂ ಇಲ್ಲವೇ ಇಲ್ಲ. ಸದ್ದು ಯಾಕೆ ನಿಂತಿತು ಎಂದು ನಾನು ಡಾಕ್ಟರನ್ನು ಕೇಳಿದೆ. ಸದ್ದು ಬರುವಷ್ಟು ದೂರ ಕಾಲು ಈಗ ಹೋಗುವುದೇ ಇಲ್ಲ, ಅದಕ್ಕೆ ನಿಂತಿದೆ ಎಂದರು.

ಕುಮಟೆಯ ಡಾಕ್ಟರು ಹೇಳಿದ್ದನ್ನು ನೀನು ಒಂದಕ್ಷರ ಬಿಡದೆ ನನಗೆ ಬರೆದಿದ್ದೆ. ಆ ಕಾಗದ ನನ್ನ ಬಳಿ ಇದೆ. ಓದಿದಾಗ ನಾನು ಆ ದಿನವೇ ಹೊರಟು ಬರಬೇಕಿತ್ತು. ಬೋಟು ಬಿಟ್ಟು ಬರುವುದು ಹೇಗೆ ಎಂದುಕೊಂಡೆ.

ಇವಳು ಇನ್ನು ಮುಟ್ಟಳ್ಳಿಯಲ್ಲಿ ಇರುತ್ತಾಳೆ.

ಪಾಂಡು

*

ತೆಂಗಿನಗುಂಡಿ
ತಾ. ೧೦-೯-೧೯೭೮

ಪಾಂಡು,

ಮಳೆಗಾಲವೆಲ್ಲ ನೀನು ಮುಟ್ಟಳ್ಳಿಯಲ್ಲೇ ಕಳೆದೆ. ರತ್ನಾಗಿರಿಗೆ ಹೊರಡುವ ದಿನ ಅಂಗಳದಲ್ಲಿ ನಿಂತು "ಹೋಗಿ ಬತ್ತೆ" ಎಂದೆ, ಒಳಗೆ ಬರಲಿಲ್ಲ. ಕಾಲು ಮುಟ್ಟಲು ಬಗ್ಗುತ್ತೀಯ ಎಂದು ನಾನು ಸೆರಗು ಸರಿಮಾಡಿಕೊಂಡಿದ್ದೆ. ಇದನ್ನು ದೂರೆಂದು ಬರೆಯುತ್ತಿಲ್ಲ. ಆದದ್ದನ್ನು ಬರೆದೆ.

ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆಯಾಯಿತು. ವಾರ ಕಳೆದು ದೋಣಿ ಇಳಿಯಿತು. ನಮ್ಮ ಮನೆಯ ಕ್ರಮ ನಿನಗೆ ಗೊತ್ತಿದ್ದದ್ದೇ. ವರ್ಷದ ಮೊದಲ ಬುಟ್ಟಿಯನ್ನು ಮನೆಯ ಕಿರಿಯ ಸೊಸೆ ದಂಡೆಯಿಂದ ಹೊತ್ತು ತಂದು ಹೊಸಿಲ ಮುಂದೆ ಇಳಿಸಬೇಕು. ದಾರಿಯಲ್ಲಿ ನೆಲಕ್ಕೆ ತಾಗಿಸಬಾರದು. ತಾಗಿದರೆ ಆ ವರ್ಷ ದೋಣಿಗೆ ಒಳ್ಳೆಯದಲ್ಲ. ದೋಣಿ ಬಂದಾಗ ವೆಂಕಟ ಬುಟ್ಟಿ ತುಂಬಿಸಿ ಸುಮ್ಮನೆ ನಿಂತ. ಹೆಂಗಸರೆಲ್ಲ ನನ್ನ ಮುಖ ನೋಡಿದರು.

"ಎಂತ ನೋಡ್ತ್ರಿ? ನಾನೂ ಈ ಮನೆಗೆ ಸೊಸೆಯಾಗೇ ಬಂದವ್ಳು" ಎಂದೆ. ಸಿಂಬೆ ಸುತ್ತಿ ತಲೆಗಿಟ್ಟೆ.

ಹೊತ್ತೆ. ಮರಳು ದಾಟಿ, ತೆಂಗಿನ ತೋಪು ದಾಟಿ, ಮನೆಯ ಮೆಟ್ಟಿಲು ಹತ್ತಿ ಹೊಸಿಲ ಮುಂದೆ ಇಳಿಸಿದೆ. ನೆಲಕ್ಕೆ ತಾಗಿಸಲಿಲ್ಲ. ದಾರಿಯುದ್ದಕ್ಕೂ ಕೆಮ್ಮು ಬಂತು. ಹಿಂದೆ ಬರುತ್ತಿದ್ದ ಸಣ್ಣಿ, "ಎಂತ ಮಾಸ್ತಮ್ಮಕ್ಕ, ಹೊತ್ತದ್ದು ಮೀನಾ, ಕೆಮ್ಮಾ?" ಎಂದಳು. ನಾನು ತಿರುಗಿ ನೋಡಲಿಲ್ಲ. ತಿರುಗಲು ಆಗುವಂತಿರಲೂ ಇಲ್ಲ.

ಬುಟ್ಟಿ ಇಳಿಸಿದ ಮೇಲೆ ಹೊಸಿಲ ಬಳಿಯೇ ಕೂತೆ. ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಇದ್ದೆ. ಗಾಳಿ ಚೆನ್ನಾಗಿತ್ತು.

ನಾಗಿಯ ಕಂಬಳಿಯನ್ನು ಬಿಸಿಲಿಗೆ ಹಾಕಿ ಮಡಚಿಟ್ಟಿದ್ದೇನೆ. ಬೇಕಾದರೆ ದಾಸನನ್ನು ಕಳಿಸಲಿ. ಬೇಡವಾದರೆ ಇಲ್ಲಿಯೇ ಇರುತ್ತದೆ.

ಅಮ್ಮ

*

ಮುಟ್ಟಳ್ಳಿ
ತಾ. ೧೭-೧೨-೧೯೭೮

ಅತ್ತೆಗೆ ನಾಗಿ ಮಾಡುವ ನಮಸ್ಕಾರ.

ಇದು ನನ್ನ ಅಕ್ಷರ. ಶಾಲೆಯಲ್ಲಿ ಕಲಿತದ್ದು ಮರೆತುಹೋಗಿತ್ತು. ಅತ್ತಿಗೆ ಬಂಗಾರಿ ಮತ್ತೆ ಕಲಿಸಿದಳು. ಇಲ್ಲಿ ನನಗೆ ಬೇರೆ ಕೆಲಸ ಇಲ್ಲ. ಅವರಿಗೆ ಎರಡು ಕಾಗದ ಬರೆದೆ. ಇದು ಮೂರನೇದು. ನಿಮಗೆ.

ಕಾಲು ಮಡಚುವುದಿಲ್ಲ. ನಡೆಯುತ್ತೇನೆ. ಗದ್ದೆಯ ಅಂಚಿನವರೆಗೆ ಹೋಗಿ ಬರುತ್ತೇನೆ. ಚಳಿಗೆ ಜಾಸ್ತಿ ನೋಯುತ್ತದೆ.

ಮೊದಲ ಕಾಗದದಲ್ಲಿ ನೀವು ಬರೆಯದ ಮಾತು ಅದೇ. ನೋಯುತ್ತದೆ ಅಂತ ಬರೆಯಿರಿ ಅಂದಿದ್ದೆ. ಈಗ ನಾನೇ ಅವರಿಗೆ ಬರೆದೆ. ಬರೆಯುವುದು ಅಷ್ಟು ಕಷ್ಟ ಇಲ್ಲ.

ಅತ್ತೆ, ನೀವು ಮೊದಲ ಬುಟ್ಟಿ ಹೊತ್ತದ್ದನ್ನು ಅವರು ಬರೆದಿದ್ದರು. ಕೆಮ್ಮಿದ್ದೂ ಬರೆದಿದ್ದರು. ನಿಮ್ಮ ಮನೆಗೆ ಬಂದ ಮೊದಲ ತಿಂಗಳಲ್ಲೇ ನನಗೆ ಗೊತ್ತಾಗಿತ್ತು. ಬಾವಿಕಟ್ಟೆಯಿಂದ ಏಳುವಾಗ ನೀವು ಕೆಮ್ಮುತ್ತೀರಿ. ಒಲೆಯ ಮುಂದಿಂದ ಏಳುವಾಗ ಕೆಮ್ಮುತ್ತೀರಿ. ಕೂತಿದ್ದಾಗ, ಮಲಗಿದ್ದಾಗ ನಿಮಗೆ ಕೆಮ್ಮು ಇಲ್ಲ. ಕೆಮ್ಮಿನ ಅಡಿಯಲ್ಲಿ ಇನ್ನೊಂದು ಸದ್ದು ಇದೆ. ನನ್ನದೇ ಸದ್ದು. ಅದಕ್ಕೇ ನಿಮ್ಮ ಹತ್ತಿರ ನೋವು ಅಂತ ಹೇಳಿದ್ದೆ. ನಿಮಗೆ ತಿಳಿಯುತ್ತದೆ ಅಂದುಕೊಂಡಿದ್ದೆ.

ನಾನು ತೆಂಗಿನಗುಂಡಿಗೆ ಬರುವುದಿಲ್ಲ. ಬೇಸಿಗೆಗೆ ಅವರು ರತ್ನಾಗಿರಿಯಲ್ಲಿ ಕೋಣೆ ನೋಡುತ್ತಾರೆ.

ಮಾಬ್ಲನಿಗೆ ಹೇಳಬೇಡಿ. ಕುಮಟೆಗೆ ಹೋಗಿ.

ನಾಗಿ

*

ತೆಂಗಿನಗುಂಡಿ
ತಾ. ೨೮-೧-೧೯೭೯

ನಾಗಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಅಕ್ಷರ ದೊಡ್ಡದಾಯಿತು, ಗೆರೆ ಕೆಳಗಿಳಿಯುತ್ತದೆ. ಕಾಗದದ ಕೆಳಗೆ ಗೆರೆ ಎಳೆದ ಹಾಳೆ ಇಟ್ಟುಕೊಂಡು ಬರೆ. ಓದಲು ತೊಂದರೆಯಾಗಲಿಲ್ಲ. ಎಲ್ಲವೂ ಅರ್ಥವಾಯಿತು.

ಸಂಕ್ರಾಂತಿ ಕಳೆದ ಮೇಲೆ ಕುಮಟೆಗೆ ಹೋಗಿದ್ದೆ. ಒಬ್ಬಳೇ. ಅದೇ ಡಾಕ್ಟರು. ಹೋದ ವರ್ಷ ಕೇಳಿದ ಪ್ರಶ್ನೆಯನ್ನು ಅವನು ಮರೆತಿದ್ದ. ನಾನು ಮರೆತಿರಲಿಲ್ಲ. ಹೌದು, ಬರುತ್ತದೆ ಎಂದೆ. ಯಾವಾಗಿನಿಂದ ಎಂದ. ಮದುವೆಯಾದ ಮಾರನೆಯ ವರ್ಷದಿಂದ ಎಂದೆ. ಕೂತಿದ್ದವನು ಎದ್ದು ನಿಂತ. "ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಾ?" ಎಂದ.

ನಾನು ಬಂದಾಗ ಈ ಮನೆಯಲ್ಲಿ ನನ್ನ ಅತ್ತೆಯಿದ್ದಳು. ಅವಳೂ ಓರೆಯಾಗಿಯೇ ನಡೆಯುತ್ತಿದ್ದಳು. ಮೀನಿನವಳ ನಡಿಗೆಯೇ ಹಾಗೆ ಎಂದು ನಾವೆಲ್ಲ ತಿಳಿದಿದ್ದೆವು. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ನಿನಗೆ ಬರೆಯುತ್ತಿದ್ದೇನೆ.

ನನಗೂ ಅದನ್ನೇ ಹೇಳಿದ. ಬುಟ್ಟಿ ಬೇಡ, ಕುಕ್ಕರಗಾಲು ಬೇಡ, ಮಂಡಿಗಳ ನಡುವೆ ದಿಂಬು. ಪೂರ್ತಿ ಹೋಗುವ ಕಾಲ ಮೀರಿದೆ, ಎಳೆಯ ಪ್ರಾಯದಲ್ಲಾದರೆ ಹೋಗುತ್ತಿತ್ತು ಎಂದ. ಆಮೇಲೆ, "ಆ ಹುಡುಗಿ ಹೇಗಿದ್ದಾಳೆ? ಗುಣ ಆಯ್ತಾ?" ಎಂದು ಕೇಳಿದ.

ಗಾರೆಯ ಬೀರನನ್ನು ಕರೆಸಿ ಅಡುಗೆಮನೆಯಲ್ಲಿ ನಿಂತು ಬೇಯಿಸುವಷ್ಟು ಎತ್ತರದ ಒಲೆ ಕಟ್ಟಿಸಿದ್ದೇನೆ. ಬಾವಿಕಟ್ಟೆಯ ಬಳಿ ಒಂದು ಎತ್ತರದ ಕಲ್ಲು ಹಾಕಿಸಿದ್ದೇನೆ, ಕಾಲು ಮಡಚದೆ ಕೂರಬಹುದು. "ಮಾಸ್ತಮ್ಮಕ್ಕ ಮದ್ಮಗಳ ಹಂಗೆ ನಿಂತ್ಕಂಡು ಅಡ್ಗೆ ಮಾಡೂಕೆ ಸುರು ಮಾಡಿದ್ಲು" ಎಂದು ಸಣ್ಣಿ ದಂಡೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ. ನನಗೆ ಬೇಕೆಂದೇ ಕಟ್ಟಿಸಿದ್ದು ಎಂದಿದ್ದೇನೆ. ಒಲೆಯ ಎತ್ತರ ಎಷ್ಟಿರಬೇಕು ಎಂದು ಬೀರ ಕೇಳಿದಾಗ ನಿನ್ನ ಸೊಂಟದ ಎತ್ತರ ಹೇಳಿದೆ. ನನಗೆ ಅದು ಸ್ವಲ್ಪ ಮೇಲಾಗುತ್ತದೆ. ನೀನು ಬರುವುದಿಲ್ಲ ಎಂದು ಬರೆದಿದ್ದೀ. ಬಾ ಎಂದು ನಾನು ಬರೆಯುತ್ತಿಲ್ಲ.

ಮಾಬ್ಲ ಈಗ ನಮ್ಮ ಓಣಿಯಲ್ಲಿ ಬರುವುದಿಲ್ಲ. ನಿನ್ನ ಕಾಲು ಹಾಳಾದದ್ದು ಅವನಿಂದ ಎಂದು ಊರು ಹೇಳುತ್ತದೆ. ಕಬ್ಬಿಣ ಕಾಸಿದವನು ಅವನು ಹೌದು. ಕಾಲು ಹಿಡಿದದ್ದು ಅವನಲ್ಲ. ಕೇಳಿದವರಿಗೆ ನಾನು ಇದನ್ನು ಹೇಳುತ್ತಿದ್ದೇನೆ. ಕೇಳುವವರು ಕಡಿಮೆ.

ಕಂಬಳಿಯನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಚಳಿಗೆ ನೋಯುತ್ತದೆ ಎಂದು ಬರೆದಿದ್ದೀಯಲ್ಲ, ಸೊಂಟದ ಸುತ್ತ ಹೊದ್ದುಕೊ. ರತ್ನಾಗಿರಿಗೆ ಹೋಗುವಾಗ ಬಿಟ್ಟು ಹೋಗಬೇಡ.

ಆ ಸಲ ಗಂಡನಿಗೆ ಏನು ಬರೆಯಲಿ ಎಂದು ಕೇಳಿದಾಗ ನೀನು ಗೋಡೆಯ ಕಡೆ ತಿರುಗಿದೆ. ನಾನು ನಿನ್ನ ಮಾತಿಗೆ ಜಾಗ ಬಿಟ್ಟೆ. ಈ ಕಾಗದದಲ್ಲೂ ಕೆಳಗೆ ಅಷ್ಟೇ ಜಾಗ ಬಿಟ್ಟಿದ್ದೇನೆ. ಹೈಸ್ಕೂಲಿನವರೆಗೆ ಓದಿದವಳು, ಮೂರು ದಿನದಿಂದ ಲೇಖನಿ ಹಿಡಿದು ಕೂತಿದ್ದೇನೆ. ಈ ಸಲ ಆ ಜಾಗ ನನ್ನದು.

.

.

ನಿನ್ನ ಅತ್ತೆ
ಮಾಸ್ತಮ್ಮ